ಕ್ಲಾಪಿಗಿಂತ ಮುಂಚಿನ ಒಂದೂವರೆ ಸೆಕೆಂಡು

ಕೆಟ್ಟ ಗಂಡಸರನ್ನು ಒಳ್ಳೆಯವರನ್ನಾಗಿ ಮಾಡುವುದು ನನ್ನ ಕಸುಬಿನ ಒಂದು ಭಾಗ. ಹೀಗೆಂದರೆ ಜನ ನಗುತ್ತಾರೆ. ಆದರೆ ಸಂಕಲನಕಾರನ ಕುರ್ಚಿಯಲ್ಲಿ ಕೂತವರಿಗೆ ಇದು ಚೆನ್ನಾಗಿ ಗೊತ್ತು. ಹೆಂಡತಿಯನ್ನು ಹೊಡೆದವನಿರಲಿ, ಒಡಹುಟ್ಟಿದವನಿಗೆ ಮೋಸ ಮಾಡಿದವನಿರಲಿ, ಅವನು ಅಳುವಾಗ ಎಷ್ಟು ಹೊತ್ತು ಅವನ ಮುಖದ ಮೇಲೆ ನಿಲ್ಲಬೇಕು, ಅವನಿಂದ ನೊಂದವರ ಮುಖಕ್ಕೆ ಯಾವಾಗ ಹೋಗಬೇಕು, ಆ ಮುಖದಲ್ಲಿ ಏನು ಕಾಣಬೇಕು, ಇಷ್ಟನ್ನು ಹದವಾಗಿ ಜೋಡಿಸಿದರೆ ನೋಡುವವರ ಸಿಟ್ಟು ತಾನಾಗಿಯೇ ಇಳಿಯುತ್ತದೆ. ಧಾರಾವಾಹಿಗಳಲ್ಲಿ, ಸಿನಿಮಾಗಳಲ್ಲಿ ಹೀಗೆ ಎಷ್ಟು ಮಂದಿಯನ್ನು ಪಾರು ಮಾಡಿದ್ದೇನೋ ನನಗೇ ನೆನಪಿಲ್ಲ. ಒಬ್ಬನ ವಿಷಯದಲ್ಲಿ ಮಾತ್ರ ಸಿಕ್ಕಿಬಿದ್ದೆ.

ಅದು ಒಂದು ಟೀವಿ ವಾಹಿನಿಗಾಗಿ ತೆಗೆದ ಸಿನಿಮಾ. ಚಿತ್ರಮಂದಿರಕ್ಕೆ ಹೋಗದೆ ನೇರವಾಗಿ ಮನೆಗಳಿಗೇ ಬರುವಂಥದ್ದು. ಶೂಟಿಂಗ್ ನಡೆದದ್ದು ಕೋಗಿಲಬನದ ಹೊಳೆದಂಡೆಯ ಒಂದು ಹಂಚಿನ ಮನೆಯಲ್ಲಿ. ನೀರಿನ ದೃಶ್ಯಗಳು ಗಣೇಶಗುಡಿಯಲ್ಲಿ. ನಿರ್ದೇಶಕರು ಬೆಂಗಳೂರಿನವರು. ನಾನು ದಾಂಡೇಲಿಯಲ್ಲೇ ಬೆಳೆದವನು, ಅಪ್ಪ ಧಾರವಾಡದ ಕಡೆಯಿಂದ ಕಾಗದದ ಮಿಲ್ಲಿನ ಕೆಲಸಕ್ಕೆ ಬಂದವರು. ಹೀಗಾಗಿ ಶೂಟಿಂಗ್ ಮುಗಿಯುವ ತನಕ ಕಾಯದೆ ಎಡಿಟಿಂಗೂ ಅಲ್ಲೇ ಆಗಲಿ ಎಂದು ಅವರು ನನ್ನನ್ನು ಕರೆಸಿಕೊಂಡರು. ದಾಂಡೇಲಿ ಪೇಟೆಯಲ್ಲಿ ಒಂದು ಮಾಳಿಗೆ ಕೋಣೆ ಹಿಡಿದು, ಕಿಟಕಿಗೆ ಕಂಬಳಿ ಹೊದಿಸಿ, ಎರಡು ಮಾನಿಟರ್ ಇಟ್ಟುಕೊಂಡು ಕೂತೆ. ಕರೆಂಟು ಹೋದಾಗಲೆಲ್ಲ ಕೆಳಗಿನ ಚಹಾದಂಗಡಿಗೆ ಇಳಿಯುತ್ತಿದ್ದೆ, ಅಂದರೆ ದಿನಕ್ಕೆ ನಾಲ್ಕಾರು ಸಲ.

ಕತೆ ಸರಳ. ಲಾರಿ ಓಡಿಸುವವನೊಬ್ಬ, ಹೆಂಡತಿ ಬಸುರಿಯಿದ್ದಾಗ ಊರ ಹಿರಿಯರ ಮುಂದೆ ನಿಂತು, ಹೊಟ್ಟೆಯಲ್ಲಿರುವ ಕೂಸು ನನ್ನದಲ್ಲ ಎಂದು ಹೇಳಿ ಗೋವಾಕ್ಕೆ ಹೋಗಿಬಿಡುತ್ತಾನೆ. ಹನ್ನೆರಡು ವರ್ಷದ ಮೇಲೆ ಮರಳಿ ಬರುತ್ತಾನೆ. ಅದೇ ಹಿರಿಯರ ಮುಂದೆ ಹೋಗಿ, ಅವತ್ತು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಳ್ಳುತ್ತಾನೆ. ಆಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆಯಲ್ಲಿ ಸಿಕ್ಕಿಕೊಂಡ ಯಾರದೋ ಮಗುವನ್ನು ಉಳಿಸುತ್ತಾನೆ. ತೊಯ್ದ ಬಟ್ಟೆಯಲ್ಲೇ ಹೆಂಡತಿಯ ಬಾಗಿಲಿಗೆ ಬರುತ್ತಾನೆ. ಆಕೆ ನೀರು ಕೊಟ್ಟು ಅವನ ಮುಖ ನೋಡುತ್ತಾಳೆ. ಅಲ್ಲಿಗೆ ಮುಗಿಯಿತು. ಆ ಒಂದು ನೋಟದ ಮೇಲೆ ಇಡೀ ಸಿನಿಮಾ ನಿಂತಿತ್ತು.

ಹೆಂಡತಿಯ ಪಾತ್ರಕ್ಕೆ ಗೊತ್ತುಮಾಡಿದ್ದ ನಟಿ ಜ್ವರ ಬಂದು ಮಲಗಿದರು. ನಿರ್ದೇಶಕರ ಕಣ್ಣು ನಮಗೆ ಊಟ ತರುತ್ತಿದ್ದ ರೊಟ್ಟಿ ಅಕ್ಕನ ಮೇಲೆ ಬಿತ್ತು. ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಹಳಿಯಾಳದ ಹತ್ತಿರದ ಹಳ್ಳಿಯವರು. ದಾಂಡೇಲಿಯಲ್ಲಿದ್ದು ಹೋಮ್‌ಸ್ಟೇಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದರು. ನಲವತ್ತರ ಆಸುಪಾಸು, ಹಣೆಯಲ್ಲಿ ವಿಭೂತಿ, ಎಡ ಮೂಗಿಗೆ ಒಂದು ಹರಳಿನ ಮೂಗುತಿ. ಮಾತು ಕಡಿಮೆ, ಪಾತ್ರದ ಮಾತೂ ಕಡಿಮೆ. ಎರಡು ದಿನ ವಿಚಾರ ಮಾಡಿ ಒಪ್ಪಿದರು.

ಕೊನೆಯ ದೃಶ್ಯದ ದಿನ ನಾನೂ ಅಲ್ಲಿದ್ದೆ. ನಿರ್ದೇಶಕರು ವಿವರಿಸಿದರು: "ಅಕ್ಕ, ನೀರನ್ನ ಅವನ ಕೈಗೆ ಕೊಡಿ. ಕೊಟ್ಟು ಒಂದ್ಸಲ ಮುಖ ನೋಡಿ. ಅಷ್ಟೇ."

"ಕೈಯಾಗ ಕೊಡಂಗಿಲ್ರಿ," ಎಂದರು ಅಕ್ಕ. "ನೀರಿನ ಚರಿಗಿ ಹೊಸ್ತಿಲ ಹೊರಗ ಇಡ್ತೇನಿ."

"ನೀರು ಕೊಟ್ರೆ ಒಳಗೆ ಕರೆದ ಹಾಗೆ ಅಲ್ವಾ?"

"ಅಲ್ಲರಿ. ಬಾಗಲಿಗೆ ಬಂದಾಂವ ವೈರಿ ಇದ್ರೂ ಕಾಲಿಗೆ ನೀರು ಕೊಡ್ತೇವಿ ನಾವು. ನೀರು ಕೊಡೂದು ಬ್ಯಾರೆ, ಒಳಗ ಬಾ ಅನ್ನೂದು ಬ್ಯಾರೆ."

ನಿರ್ದೇಶಕರು ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ನಮ್ಮ ಮನೆಯಲ್ಲೂ ಅದೇ ಪದ್ಧತಿ. ಸರಿ, ಚರಿಗೆ ಹೊರಗೇ ಇಡಲಿ, ನೋಟ ಒಂದು ಸಿಕ್ಕರೆ ಸಾಕು ಎಂದು ಅವರು ರಾಜಿಯಾದರು. ಏಳು ಟೇಕ್ ಆದವು. ಏಳರಲ್ಲೂ ಅಕ್ಕ ಬಾಗಿಲಿಗೆ ಬಂದು, ಚರಿಗೆ ಇಟ್ಟು, ಚರಿಗೆಯನ್ನೇ ನೋಡಿ ಒಳಗೆ ಹೋದರು. "ಕಣ್ಣಲ್ಲಿ ಒಂಚೂರು ಕ್ಷಮೆ ಬೇಕು ಅಕ್ಕ," ಎಂದು ನಿರ್ದೇಶಕರು ಗೋಗರೆದರು. ನಾಯಕ ನಟರು ಪ್ರತಿ ಟೇಕಿಗೂ ಮೈಮೇಲೆ ಬಕೆಟ್ ನೀರು ಸುರಿಸಿಕೊಂಡು ಕೊನೆಗೆ ಸೀನತೊಡಗಿದರು. ಬೆಳಕು ಇಳಿಯಿತು. "ಎಡಿಟಿಂಗ್‌ನಲ್ಲಿ ನೋಡ್ಕೊಳ್ಳೋಣ," ಎಂದು ಪ್ಯಾಕಪ್ ಮಾಡಿದರು. ನಮ್ಮ ರಂಗದಲ್ಲಿ ಎಲ್ಲ ಪಾಪಗಳೂ ಕೊನೆಗೆ ಬಂದು ಬೀಳುವುದು ಎಡಿಟಿಂಗ್ ಕೋಣೆಯಲ್ಲಿ.

ಮರುದಿನ ಬೆಳಿಗ್ಗೆ ಏಳೂ ಟೇಕುಗಳನ್ನು ಮೊದಲಿಂದ ಕೊನೆಯವರೆಗೆ ನೋಡಿದೆ. ಕ್ಯಾಮೆರಾದಲ್ಲೇ ದಾಖಲಾದ ಧ್ವನಿಯನ್ನು ನಾನು ಮುಚ್ಚಿಯೇ ನೋಡುವುದು. ಅದು ಬರೀ ಗದ್ದಲ, ಹೇಗೂ ಡಬ್ಬಿಂಗ್ ಆಗುತ್ತದೆ. ನಾಲ್ಕನೆಯ ಟೇಕಿನಲ್ಲಿ ಕ್ಯಾಮೆರಾ ಓಡತೊಡಗಿದ ಮೇಲೂ ಕ್ಲಾಪ್ ಹೊಡೆಯುವವನು ಬರುವುದು ತಡವಾಗಿತ್ತು. ಆ ಸಂದಿನಲ್ಲಿ ಅಕ್ಕ ಬಾಗಿಲಲ್ಲಿ ನಿಂತು ಪಕ್ಕಕ್ಕೆ ತಿರುಗಿ ಏನನ್ನೋ ನೋಡಿದರು. ಮುಖ ಅರಳಿತು. ಕಣ್ಣು ತುಂಬಿ ಬಂದ ಹಾಗಾಯಿತು. ಒಂದೂವರೆ ಸೆಕೆಂಡು ಇದ್ದೀತು. ಆಮೇಲೆ ಕ್ಲಾಪ್ ಹಲಗೆ ಅಡ್ಡ ಬಂತು.

ಕುರ್ಚಿಯಿಂದ ಎದ್ದೇಬಿಟ್ಟೆ. ಬೇಕಾಗಿದ್ದದ್ದು ಅದೇ. ತೊಡಕು ಒಂದೇ: ಅಕ್ಕ ನೋಡಿದ್ದು ಕ್ಯಾಮೆರಾದ ಬಲಕ್ಕೆ, ಗಂಡ ನಿಂತಿದ್ದು ಎಡಕ್ಕೆ. ಆ ತುಣುಕನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿದೆ. ಸೆರಗು ಉಲ್ಟಾ ಆಯಿತು. ಮುಖವಷ್ಟೇ ಉಳಿಯುವಂತೆ ಬಿಗಿಯಾಗಿ ಕತ್ತರಿಸಿದೆ. ವೇಗ ತುಸು ತಗ್ಗಿಸಿ ಎರಡು ಸೆಕೆಂಡಿಗೆ ಎಳೆದೆ. ಗಂಡನ ಒದ್ದೆ ಮುಖ, ಚರಿಗೆ, ಮತ್ತೆ ಗಂಡ, ಆಮೇಲೆ ಈ ನೋಟ. ಎಡಕ್ಕಿದ್ದ ಮೂಗುತಿ ಬಲಕ್ಕೆ ಬಂದದ್ದು ನನ್ನ ಕಣ್ಣಿಗೆ ಬಿತ್ತು. ಯಾರು ನೋಡುತ್ತಾರೆ ಎಂದು ಮುಂದೆ ಹೋದೆ.

ಮಧ್ಯಾಹ್ನ ನಿರ್ದೇಶಕರು ಬಂದು ನೋಡಿದರು. ಕಣ್ಣೊರೆಸಿಕೊಂಡರು, ನನ್ನ ಹೆಗಲು ಹಿಡಿದು ಅಲ್ಲಾಡಿಸಿದರು. "ಇದನ್ನ ಈಗಲೇ ಚಾನೆಲ್‌ನವರಿಗೆ ಕಳಿಸಿ, ಪ್ರೋಮೋ ಮಾಡೋರಿಗೆ ಬೇಕಂತೆ," ಎಂದರು. ನಾನೂ ಹಿಗ್ಗಿನಲ್ಲಿದ್ದೆ. ನೆಟ್ ಬರುವ ಜಾಗ ಹುಡುಕಿಕೊಂಡು ಹೋಗಿ ಕಳಿಸಿದೆ.

ನಾಲ್ಕು ದಿನದ ಮೇಲೆ ರೊಟ್ಟಿ ಅಕ್ಕ ಡಬ್ಬಿಂಗಿಗೆ ಬಂದರು. ಆ ದೃಶ್ಯದಲ್ಲಿ ಅವರದು ಒಂದೇ ಮಾತು, "ಯಾರದು?" ಹೆಡ್‌ಫೋನ್ ಹಾಕಿ ಮಾನಿಟರಿನ ಎದುರು ಕೂರಿಸಿದೆ. ದೃಶ್ಯ ಓಡಿತು. ಮಾತು ಬರಬೇಕಾದ ಜಾಗ ದಾಟಿ ಹೋಯಿತು, ಅಕ್ಕ ಬಾಯಿ ಬಿಡಲಿಲ್ಲ.

"ಸರ, ಇನ್ನೊಮ್ಮೆ ತೋರಸ್ರಿ."

ತೋರಿಸಿದೆ.

"ನಾ ಅವನ್ನ ಹಿಂಗ ನೋಡೇ ಇಲ್ಲಲ್ರಿ."

"ಸಿನಿಮಾದಾಗ ಹಿಂಗೆಲ್ಲಾ ಜೋಡಸ್ತೇವಿ ಅಕ್ಕಾರ. ಬ್ಯಾರೆ ಹೊತ್ತಿನ್ಯಾಗ ನೋಡಿದ್ದನ್ನ ಇಲ್ಲೆ ತಂದು ಇಡ್ತೇವಿ."

"ನನ್ನ ಮೂಗುತಿ ಬಲಕ್ಕ ಹೆಂಗ ಬಂತು?"

ಅಕ್ಕ ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಇದು ನನ್ನ ಮಗಳನ್ನ ನೋಡಿದ್ದರಿ. ನರ್ಸಿಂಗ್ ಕಲೀತಾಳ. ಎರಡು ತಿಂಗಳಾದ ಮ್ಯಾಲೆ ಹಾಸ್ಟೆಲ್ಲಿಂದ ಬಂದಾಕಿ ಸೀದಾ ಅಲ್ಲೇ ಬಂದಿದ್ಲು. 'ಅವ್ವಾ' ಅಂತ ಕರದ್ಲು. ತಿರುಗಿ ನೋಡಿದ್ನಿ."

ಮುಚ್ಚಿಟ್ಟಿದ್ದ ಕ್ಯಾಮೆರಾ ಧ್ವನಿಯನ್ನು ತೆರೆದೆ. ಗದ್ದಲದ ನಡುವೆ ಸ್ಪಷ್ಟವಾಗಿ ಒಂದು ಹುಡುಗಿಯ ದನಿ: "ಅವ್ವಾ." ಅದರ ಬೆನ್ನಿಗೇ ಆ ನೋಟ.

ಆಗ ಅಕ್ಕ ತಮ್ಮ ಕತೆ ಹೇಳಿದರು. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಮಗಳಿಗೆ ಮೂರು ವರ್ಷವಿದ್ದಾಗ ಗಂಡ ಗೋವಾಕ್ಕೆ ಹೋದವನು ಅಲ್ಲೇ ಬೇರೆ ಸಂಸಾರ ಹೂಡಿದ್ದ. ಈಗ ಅಲ್ಲಿ ನಡೆಯದೆ ಊರಿಗೆ ಬಂದಿದ್ದಾನೆ. ಬರುವ ಸೋಮವಾರ ಊರಲ್ಲಿ ಹಿರಿಯರು ಕೂಡಿ, ಇಬ್ಬರನ್ನೂ ಕೂಡಿಸುವ ಮಾತಾಡುವವರಿದ್ದಾರೆ.

"ಆಗೂದಿಲ್ಲ ಅಂತ ಗಟ್ಟ್ಯಾಗಿ ಹೇಳಬೇಕಂತ ಮಾಡೇನಿ," ಎಂದರು. "ಇದನ್ನ ನೋಡಿದ್ರ ಏನಂತಾರ್ರಿ ಅವರು? ಪಿಚ್ಚರದಾಗಿನ ಗಂಡಗ ಹಿಂಗ ನೋಡಾಕಿ, ತಾಳಿ ಕಟ್ಟಿದಾಂವಗ ಯಾಕ ನೋಡಂಗಿಲ್ಲ ಅಂತಾರ. ನನ್ನ ಮಾರೀನ ನನ್ನ ಮಾತನ್ನ ಸುಳ್ಳ ಮಾಡ್ತೈತಿ."

"ತಗೀತೇನ್ರಿ ಅಕ್ಕಾರ. ಇವತ್ತ ತಗೀತೇನಿ."

"ತಗದ್ರ ಸಾಕು." ಮತ್ತೆ ಹೆಡ್‌ಫೋನ್ ಹಾಕಿಕೊಂಡು, "ಯಾರದು?" ಎಂದು ಒಂದೇ ಸಲಕ್ಕೆ ಸರಿಯಾಗಿ ಹೇಳಿ ಎದ್ದು ಹೋದರು.

ತೆಗೆಯುವುದು ಒಂದು ನಿಮಿಷದ ಕೆಲಸ. ತೆಗೆದ ಮೇಲೆ ಉಳಿದದ್ದು ಸಿನಿಮಾ ಆಗಿರಲಿಲ್ಲ. ಗಂಡ ಬಾಗಿಲಲ್ಲಿ ನಿಲ್ಲುತ್ತಾನೆ, ಆಕೆ ಚರಿಗೆ ಇಟ್ಟು ಒಳಗೆ ಹೋಗುತ್ತಾಳೆ, ಮುಗಿಯಿತು. ನೋಡಿದವರಿಗೆ ಏನೋ ಮುರಿದುಬಿದ್ದ ಹಾಗೆ ಅನಿಸುತ್ತಿತ್ತು. ಎರಡು ದಿನ ಬೇರೆ ಬೇರೆ ರೀತಿ ಜೋಡಿಸಿದೆ. ಬಾಗಿಲನ್ನು ಹೆಚ್ಚು ಹೊತ್ತು ಹಿಡಿದೆ, ಹೊಳೆಯ ನೀರು ಹಾಕಿದೆ, ಗಂಡನ ಕಣ್ಣೀರು ಹೆಚ್ಚಿಸಿದೆ. ಕಣ್ಣೀರು ಹೆಚ್ಚಿದಷ್ಟೂ ಅವನು ನನಗೆ ಬೇಸರ ತರಿಸಿದ. ಮೂರನೆಯ ದಿನ ಕರೆಂಟಿಲ್ಲದೆ ಚಹಾದಂಗಡಿಯಲ್ಲಿ ಕೂತಿದ್ದಾಗ ಒಂದು ವಿಚಾರ ಬಂತು. ಅವನು ಹಿರಿಯರ ಮುಂದೆ ಸುಳ್ಳೊಪ್ಪಿಕೊಳ್ಳುವ ದೃಶ್ಯ ಮೊದಲು ಬರುತ್ತದೆ, ಬಾಗಿಲ ದೃಶ್ಯ ಆಮೇಲೆ. ಅಂದರೆ ಒಪ್ಪಿಕೊಂಡದ್ದಕ್ಕೆ ಪ್ರತಿಫಲ ಬಾಗಿಲಲ್ಲಿ ಸಿಗುತ್ತದೆ. ಅದನ್ನು ಅದಲುಬದಲು ಮಾಡಿದರೆ? ಮೊದಲು ಬಾಗಿಲಿಗೆ ಹೋಗಲಿ. ಆಕೆ ಚರಿಗೆ ಇಟ್ಟು ಒಳಗೆ ಹೋಗಲಿ. ಅವನು ಕಾಲು ತೊಳೆದುಕೊಳ್ಳಲಿ. ಒಳಗೆ ಕರೆಯುವುದಿಲ್ಲವೆಂದು ಖಾತ್ರಿಯಾದ ಮೇಲೂ ಹೋಗಿ ಹಿರಿಯರ ಮುಂದೆ, ಕೂಸು ನನ್ನದೇ, ನಾನು ಸುಳ್ಳಾಡಿದೆ ಎನ್ನಲಿ.

ಕಷ್ಟಗಳಿದ್ದವು. ಬಾಗಿಲಲ್ಲಿ ಅವನ ಅಂಗಿ ಒದ್ದೆ, ಹಿರಿಯರ ಮುಂದೆ ಒಣಗಿದ್ದು. ಅವನು ರಸ್ತೆಗುಂಟ ನಡೆಯುವ ಒಂದು ದೂರದ ಶಾಟ್ ಮೊದಲರ್ಧದಲ್ಲಿತ್ತು. ಅದನ್ನು ಎತ್ತಿ ತಂದು ನಡುವೆ ಇಟ್ಟೆ, ಅಂಗಿ ಒಣಗುವಷ್ಟು ಹೊತ್ತು ಕಳೆಯಿತೆಂದು ನಂಬುವ ಹಾಗಾಯಿತು. ಕಾಲು ತೊಳೆಯುವ ಶಾಟ್ ಇರಲೇ ಇಲ್ಲ. ಆರನೆಯ ಟೇಕಿನ ಕೊನೆಯಲ್ಲಿ ನಟರು ಬೇಸರದಿಂದ ಚರಿಗೆಯ ನೀರನ್ನು ಕಾಲಿಗೆ ಸುರಿದುಕೊಂಡು ಹೊರಟಿದ್ದರು. ಅದನ್ನೇ ಹಾಕಿದೆ. ಈ ಸಲ ಅವರನ್ನು ಕೇಳಿಯೇ ಹಾಕಿದೆ.

ಕೇಳಿದ್ದಕ್ಕೆ ಸಾಕಷ್ಟು ಬೈಸಿಕೊಂಡೆ. "ನಾನು ಕೊನೆಗೆ ಬಾಗಿಲಾಚೆ ನಿಂತು ವಾಪಸ್ ಹೋಗೋ ಗಂಡಸಾ? ನನ್ನ ಅಭಿಮಾನಿಗಳು ಏನಂದ್ಕೋತಾರೆ?" ಎಂದರು ನಾಯಕ ನಟರು. ನಿರ್ದೇಶಕರು ಮಾತ್ರ ಎರಡು ಸಲ ನೋಡಿ ಕೇಳಿದರು: "ಇದ್ರಲ್ಲಿ ಅವನಿಗೆ ಏನೂ ಸಿಗೋದೇ ಇಲ್ವಲ್ಲ ಸರ್?"

"ಸಿಗೋದಿಲ್ಲ ಅಂತ ಗೊತ್ತಿದ್ದೂ ಹೋಗಿ ಹೇಳ್ತಾನಲ್ಲ. ಅವನ ಮೇಲೆ ನನಗೆ ಗೌರವ ಬಂದದ್ದು ಇವತ್ತೇ," ಎಂದೆ. ಅವರು ಒಪ್ಪಿದರು. ನಾನು ಅಕ್ಕನಿಗೆ ಫೋನ್ ಮಾಡಿ, ಆ ನೋಟ ಹೋಯಿತು ಎಂದು ತಿಳಿಸಿದೆ. ಒಂದು ರೀತಿ ಹಗುರಾದೆ.

ಶನಿವಾರ ಬೆಳಿಗ್ಗೆ ಚಹಾದಂಗಡಿಯವನು ಮೊಬೈಲು ನನ್ನ ಮೂಗಿನ ಮುಂದೆ ಹಿಡಿದ. "ನೋಡ್ರಿ ಸರ, ನಮ್ಮ ರೊಟ್ಟಿ ಅಕ್ಕ!" ಪ್ರೋಮೋ ಬಿಟ್ಟಿದ್ದರು. ನಾನು ಮೊದಲು ಕಳಿಸಿದ ಪ್ರತಿಯಿಂದಲೇ ಮಾಡಿದ್ದು. ಬಾಗಿಲು, ಒದ್ದೆ ಮುಖ, ಚರಿಗೆ, ಆಮೇಲೆ ಬಲ ಮೂಗಿಗೆ ಮೂಗುತಿಯಿದ್ದ ಆ ಅರಳಿದ ಮುಖ. ಹೊಸ ಕೊನೆಯ ಗುಂಗಿನಲ್ಲಿ ಹಳೆಯ ಪ್ರತಿ ಅವರ ಬಳಿ ಇದೆ ಎಂಬುದನ್ನೇ ಮರೆತಿದ್ದೆ. ಚಾನೆಲ್‌ನವರಿಗೆ ಫೋನ್ ಮಾಡಿದೆ. "ಚೆನ್ನಾಗಿ ಓಡ್ತಿದೆ ಸರ್. ಬದಲಾಯಿಸ್ಬೇಕು ಅಂದ್ರೆ ಮತ್ತೆ ಅಪ್ರೂವಲ್ ಆಗ್ಬೇಕು, ಒಂದು ವಾರ ಹಿಡಿಯುತ್ತೆ," ಎಂದರು. ಸೋಮವಾರಕ್ಕೆ ಉಳಿದದ್ದು ಎರಡೇ ದಿನ.

ಅಕ್ಕನಿಗೆ ಫೋನ್ ಮಾಡಿದರೆ ಮಗಳು ಎತ್ತಿದಳು. "ಅವ್ವ ಮಾತಾಡಂಗಿಲ್ಲ ಅಂತಾಳ್ರಿ. ಮುಂಜಾನೆ ಊರಿಂದ ಇಬ್ಬರು ಹಿರಿಯಾರು ಬಂದು ಮೊಬೈಲ್‌ದಾಗ ತೋರಿಸಿ ನಕ್ಕು ಹೋದ್ರು. ನೀವು ತಗದೇನಿ ಅಂದಿದ್ರಂತಲ್ರಿ?"

ಪ್ರೋಮೋ ತೆಗೆಸುವುದು ನನ್ನ ಕೈಯಲ್ಲಿಲ್ಲ. ನನ್ನ ಕೈಯಲ್ಲಿದ್ದದ್ದು ಆ ಕಚ್ಚಾ ತುಣುಕು, ಆದರೆ ಅದನ್ನು ಹೊರಗಿನವರಿಗೆ ತೋರಿಸುವ ಹಾಗಿಲ್ಲವೆಂದು ನಾನೇ ಸಹಿ ಮಾಡಿದ್ದ ಕರಾರು ಇತ್ತು. ತೋರಿಸಿದರೆ ಈ ಕೆಲಸವಷ್ಟೇ ಅಲ್ಲ, ಮುಂದಿನ ಕೆಲಸಗಳೂ ಹೋಗಬಹುದಿತ್ತು. ಆದರೂ ಅದನ್ನು ಹಿರಿಯರಿಗೆ ತೋರಿಸಿ ಬರುತ್ತೇನೆಂದು ನಿರ್ದೇಶಕರಿಗೆ ಹೇಳಿದೆ. "ನೀವು ಹೋದದ್ದು ನನಗೆ ಗೊತ್ತಿಲ್ಲ," ಎಂದು ಅವರು ಕಿಟಕಿಯ ಕಡೆ ತಿರುಗಿದರು. ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹೆಗಲಿಗೇರಿಸಿ ಹಳಿಯಾಳದ ಬಸ್ಸು ಹತ್ತಿದೆ, ಅಲ್ಲಿಂದ ಹಳ್ಳಿಗೆ ಟೆಂಪೋ.

ಮಠದ ಕಟ್ಟೆಯ ಮೇಲೆ ಹತ್ತು ಹನ್ನೆರಡು ಮಂದಿ ಕೂತಿದ್ದರು. ಒಂದು ಕಡೆ ಅಕ್ಕ, ಮಗಳು, ಅಕ್ಕನ ವಯಸ್ಸಾದ ಸೋದರತ್ತೆ. ಎದುರಿಗೆ ಗಂಡ. ನಾನು ಮನಸ್ಸಿನಲ್ಲಿ ಒಬ್ಬ ದುಷ್ಟನನ್ನು ಕಲ್ಪಿಸಿಕೊಂಡು ಹೋಗಿದ್ದೆ. ಇವನು ಬಡಕಲಾಗಿ, ಒಗೆದ ಅಂಗಿ ತೊಟ್ಟು, ತಲೆ ತಗ್ಗಿಸಿ ಕೂತಿದ್ದ. ತನ್ನದು ತಪ್ಪಾಯಿತು ಎನ್ನುವಾಗ ಅತ್ತ. ಅಳು ನಿಜದ್ದೇ ಇದ್ದಿರಬೇಕು. ಆ ಮುಖದ ಮೇಲೆ ಎಷ್ಟು ಹೊತ್ತು ನಿಲ್ಲಬಹುದು ಎಂದು ನನ್ನ ಹಾಳು ಮನಸ್ಸು ಅಲ್ಲೂ ಅಳೆಯುತ್ತಿತ್ತು.

ಹಿರಿಯರೊಬ್ಬರು ಮೊಬೈಲು ಅಕ್ಕನ ಕಡೆ ಚಾಚಿದರು. "ಇದು ನೀನ ಅಲ್ಲೇನವಾ? ಇಷ್ಟು ಅಂತಃಕರಣ ಇರಾಕಿ ಇವಗ ಯಾಕ ಕಲ್ಲಾಗ್ತಿ?"

ನಾನು ಎದ್ದು ನಿಂತೆ. "ಯಜಮಾನ್ರ, ನಾ ಆ ಸಿನಿಮಾದ ಎಡಿಟರ್ ಅದೇನ್ರಿ. ಅವರು ಹಂಗ ಯಾವ ಗಂಡಸನ್ನೂ ನೋಡಿಲ್ಲ. ಅದನ್ನ ನಾ ಮಾಡಿದ್ದು."

ಲ್ಯಾಪ್‌ಟಾಪನ್ನು ಕಟ್ಟೆಯ ಮೇಲಿಟ್ಟು ನಾಲ್ಕನೆಯ ಟೇಕನ್ನು ಧ್ವನಿಯ ಸಮೇತ ತೋರಿಸಿದೆ. "ಅವ್ವಾ" ಎಂಬ ದನಿ ಕೇಳಿಸಿತು. ಎಲ್ಲರೂ ಮಗಳ ಕಡೆ ನೋಡಿದರು. ಒಬ್ಬರು, ಇದೂ ನೀವೇ ಜೋಡಿಸಿದ್ದು ಇರಬಹುದಲ್ಲ ಎಂದರು. ಕೇಳಬೇಕಾದ ಪ್ರಶ್ನೆಯೇ ಅದು. ಅಷ್ಟರಲ್ಲಿ ಸೋದರತ್ತೆ ಮೊಬೈಲನ್ನೂ ಲ್ಯಾಪ್‌ಟಾಪನ್ನೂ ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಅಕ್ಕನ ಗದ್ದ ಹಿಡಿದು ಹಿರಿಯರ ಕಡೆ ತಿರುಗಿಸಿದರು. "ನಾನ ನಿಂತು ಚುಚ್ಚಿಸಿದ ಮೂಗು ಇದು. ಎಡಕ್ಕೈತಿ. ನಿಮ್ಮ ಮೊಬೈಲ್‌ದಾಗ ಬಲಕ್ಕೈತಿ. ಕಣ್ಣ ಇಲ್ಲೇನು ನಿಮಗ?"

"ಅಂದ್ರ ಸುಳ್ಳ ತಯಾರ ಮಾಡೀರಿ?" ಹಿರಿಯರು ನನ್ನನ್ನು ಕೇಳಿದರು.

"ಹೌದ್ರಿ."

"ಹೆಣ್ಣಮಗಳ ಮಾರಿ ತಿರುವಿ ಹಾಕೂದು ಯಾವ ಉದ್ಯೋಗರಿ ಇದು?"

ಇನ್ನೂ ಎರಡು ಮಾತು ಬಿದ್ದವು, ನಿಂತು ಕೇಳಿದೆ. ಆಮೇಲೆ ಹಿರಿಯರು ಅಕ್ಕನ ಕಡೆ ತಿರುಗಿ, ನೀನೇ ಹೇಳವಾ ಎಂದರು.

"ಊರಾಗ ಇರ್ಲಿ, ನನ್ನದೇನಿಲ್ಲ," ಎಂದರು ಅಕ್ಕ. "ಮಗಳನ್ನ ನೋಡಬೇಕಂದ್ರ ಮಗಳನ್ನ ಕೇಳ್ಲಿ. ನನ್ನ ಮನಿಗೆ ಬರೂದು ಬ್ಯಾಡ."

ಯಾರೂ ಮೊಬೈಲು ಎತ್ತಲಿಲ್ಲ. ಗಂಡ ಅಂಗಿಯ ತೋಳಿಗೆ ಮುಖ ಒರೆಸಿಕೊಂಡ. ಆಕೆಯ ಮಾತು ಆಯಿತಲ್ಲ ಎಂದು ಹಿರಿಯರು ಎದ್ದರು.

ಸಿನಿಮಾ ಹೊಸ ಕೊನೆಯೊಂದಿಗೇ ಬಂತು. ಪ್ರೋಮೋದಲ್ಲಿದ್ದ ನೋಟ ಎಲ್ಲಿ ಎಂದು ಬೈದವರಿದ್ದರು, ಅವನಿಗೆ ಹೀಗೆ ಆಗಬೇಕಿತ್ತು ಎಂದು ಬರೆದವರೂ ಇದ್ದರು. ಆ ವಾಹಿನಿ ಮತ್ತೆ ನನ್ನನ್ನು ಕರೆಯಲಿಲ್ಲ. ಅದೆಲ್ಲ ಆಮೇಲಿನ ಮಾತು. ಅವತ್ತು ಟೆಂಪೋ ನಿಲ್ಲುವ ಜಾಗದ ತನಕ ಅಕ್ಕನೂ ಮಗಳೂ ನನ್ನ ದಾರಿಯಲ್ಲೇ ಬಂದರು. ಧೈರ್ಯ ಮಾಡಿ, "ತಪ್ಪಾತ್ರಿ ಅಕ್ಕಾರ," ಎಂದೆ.

"ಬಂದು ಹೇಳಿದ್ರಿ, ಚಲೋ ಆತು," ಎಂದರು, ನನ್ನ ಕಡೆ ತಿರುಗದೆ. "ಆದ್ರ ಸರ, ನನ್ನ ಮಗಳಿಗಂತ ಇದ್ದದ್ದನ್ನ ನೀವು ತಗದು ಒಬ್ಬ ಗಂಡಸಿಗೆ ಕೊಟ್ರಿ. ನನ್ನನ್ನ ಒಂದು ಮಾತು ಕೇಳ್ಲಿಲ್ಲ. ಅದನ್ನ ಮರೀಲಿಕ್ಕೆ ನನ್ನ ಕಡಿಂದ ಆಗೂದಿಲ್ರಿ."

ಮಗಳ ಕೈ ಹಿಡಿದು ಸೋದರತ್ತೆಯ ಮನೆಯ ಕಡೆ ನಡೆದರು. ದಾರಿ ನೆಟ್ಟಗಿತ್ತು, ತುಂಬ ದೂರದವರೆಗೆ ಇಬ್ಬರೂ ಕಾಣುತ್ತಿದ್ದರು. ಒಂದು ಸಲ ತಿರುಗಿ ನೋಡಲಿ ಎಂಬ ಆಸೆ ನನಗಿತ್ತು, ಸುಳ್ಳು ಹೇಳಲಾರೆ. ಅವರು ತಿರುಗಲಿಲ್ಲ.